ನಲವತ್ತೊಂದು ವರ್ಷದ ಮಾಣಿ

ಬೈಬಲ್ ತೆಗೆಯಿರಿ, 1 ಅರಸುಗಳು 12ನೇ ಅಧ್ಯಾಯ. ಫೋನಲ್ಲಿ ಓದುವವರು ಓದಿ, ಆದ್ರೆ ವಾಟ್ಸಾಪ್ ಸ್ವಲ್ಪ ಹೊತ್ತು ಬದಿಗಿರಲಿ.

ಸೊಲೊಮೋನ ತೀರಿಕೊಂಡಿದ್ದಾನೆ. ಮಗ ರೆಹಬ್ಬಾಮ ಪಟ್ಟಕ್ಕಾಗಿ ಶೆಕೆಮಿಗೆ ಬಂದಿದ್ದಾನೆ. ಜನ ಕೇಳಿದ್ದು ಒಂದೇ: ನಿಮ್ಮ ಅಪ್ಪ ಹೊರಿಸಿದ ಭಾರ ಸ್ವಲ್ಪ ಇಳಿಸಿ, ನಿಮ್ಮ ಜೊತೆ ಇರ್ತೇವೆ. ಇವನು ಮೂರು ದಿನ ಟೈಮ್ ಕೇಳಿದ. ಅಪ್ಪನ ಕಾಲದ ಹಿರಿಯರು ಒಳ್ಳೆಯ ಸಲಹೆ ಕೊಟ್ರು, ಹಿಡಿಸಲಿಲ್ಲ. ಆಮೇಲೆ ತನ್ನ ಜೊತೆ ಆಡಿ ಬೆಳೆದ ಗೆಳೆಯರನ್ನು ಕೇಳಿದ. ಅವರು ಖಡಕ್ ಆಗಿ ಒಂದು ಡೈಲಾಗ್ ಹೇಳಿಕೊಟ್ರು. ಅದನ್ನೇ ಜನರ ಮುಂದೆ ಹೊಡೆದ. ಹತ್ತು ಕುಲಗಳು ಎದ್ದು ಹೋದವು. ದಾವೀದನ ರಾಜ್ಯ ಎರಡು ಹೋಳಾಯ್ತು, ಮತ್ತೆ ಒಂದಾಗಲಿಲ್ಲ.

ಇದನ್ನು ಓದುವಾಗ ನಮಗೆ ಹದಿನೆಂಟು-ಇಪ್ಪತ್ತರ ಹುಡುಗ ಕಣ್ಣಿಗೆ ಬರ್ತಾನೆ. 14ನೇ ಅಧ್ಯಾಯದ 21ನೇ ವಚನ ನೋಡಿ. ಪಟ್ಟಕ್ಕೆ ಬಂದಾಗ ಅವನಿಗೆ 41 ವರ್ಷ! ಜೊತೆಗೆ ಬೆಳೆದ ಗೆಳೆಯರಿಗೂ ಹೆಚ್ಚುಕಡಿಮೆ ಅಷ್ಟೇ ಆಗಿರಬೇಕು. ಆದ್ರೆ ಹೀಬ್ರೂ ಮೂಲದಲ್ಲಿ ಅವರನ್ನು ಕರೆದದ್ದು 'ಯೆಲಾದಿಮ್' ಅಂತ. ಮಕ್ಕಳು. ನಮ್ಮ ಕುಂದಾಪ್ರ ಭಾಷೆಯಲ್ಲಿ ಹೇಳುದಾದ್ರೆ ಮಾಣಿಗಳು. ಇನ್ನೂ ಒಂದುಂಟು. 2 ಪೂರ್ವಕಾಲವೃತ್ತಾಂತ 13:7ರಲ್ಲಿ ರೆಹಬ್ಬಾಮನ ಮಗ ಅಬೀಯನೇ ಅಪ್ಪನ ಪರವಾಗಿ ಮಾತಾಡ್ತಾನೆ: ಆಗ ಅವರು ಎಳೆಯರು, ಗಟ್ಟಿ ಮನಸ್ಸಿನವರಲ್ಲ ಅಂತ. ನಲವತ್ತೊಂದಕ್ಕೆ ಎಳೆಯ! ಅಪ್ಪ ಬೆಳೆಯದಿದ್ರೆ ನೆಪ ಹುಡುಕುವ ಕೆಲಸ ಮಗನ ತಲೆಗೆ ಬರ್ತದೆ.

ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲಿ ಹೋದರೂ, ಮೂವತ್ತು ದಾಟಿದವನಿಗೂ ಮನೆಯಲ್ಲಿ 'ನಮ್ ಮಾಣಿ' ಅಂತಾರೆ. ಅದು ಪ್ರೀತಿ, ತಪ್ಪಿಲ್ಲ. ಆದ್ರೆ ಇದೇ ಮಾಣಿ ಅನ್ನುವ ಪದಕ್ಕೆ ಇನ್ನೊಂದು ಅರ್ಥವೂ ಉಂಟು. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಕರಾವಳಿಯ ಹತ್ತು-ಹನ್ನೆರಡು ವರ್ಷದ ಹುಡುಗರು ಬೊಂಬಾಯಿಗೆ, ಬೆಂಗಳೂರಿಗೆ ಹೋಗಿ ಹೋಟೆಲ್ ಮಾಣಿಗಳಾದರು. ಲೋಟ ತೊಳೆದು, ಹಿಟ್ಟು ರುಬ್ಬಿ, ಹೋಟೆಲಲ್ಲೇ ಮಲಗಿ ಊರಿಗೆ ಹಣ ಕಳಿಸಿದ್ರು. 'ನಾವು ನಿಮ್ಮ ಪ್ರಾಯಕ್ಕೆ ಸಂಸಾರ ಸಾಕುತ್ತಿದ್ದೆವು' ಅಂತ ಹಿರಿಯರು ಹೇಳುವಾಗ ಇದು ಹಿಂದೆ ಇರ್ತದೆ. ಆದ್ರೆ ಅದನ್ನು ದೊಡ್ಡವರಾಗುವುದು ಅಂತ ಕರೆಯಲು ನನಗೆ ಮನಸ್ಸಾಗುದಿಲ್ಲ. ಅದು ಬಾಲ್ಯವನ್ನು ಕಿತ್ತುಕೊಂಡದ್ದು. 14ರ ಕೆಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದು ಅಂತ ಸರ್ಕಾರ ಹೇಳಿದ್ದೇ 2006ರ ಅಕ್ಟೋಬರಿನಲ್ಲಿ. ನಾವು ನಿಧಾನ ಬೆಳೆಯಲು ಸಮಯ ಸಿಕ್ಕಿದ್ದು ಕೃಪೆ. ಓದು ಉದ್ದ ಆಯ್ತು, ಕೆಲಸಕ್ಕೆ ಗ್ಯಾರಂಟಿ ಇಲ್ಲ, ಬೆಂಗಳೂರಿನಲ್ಲಿ ಬಾಡಿಗೆಗೇ ಅರ್ಧ ಸಂಬಳ ಹೋಗ್ತದೆ. ಮದುವೆ ತಡ ಆಯ್ತು ಅಂತ ಯಾರನ್ನೂ ಮಕ್ಕಳು ಅನ್ನುದು ಬೇಡ. ಬೈಕ್ ಇಷ್ಟ, ಕ್ರಿಕೆಟ್ ಇಷ್ಟ, ಅದೂ ವಿಷಯ ಅಲ್ಲ.

ಹಾಗಾದ್ರೆ ವಿಷಯ ಯಾವುದು? ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಓದಿದವರು ಎಷ್ಟು ಜನ? ಓದದವರು ಓದಿ. ಅದರಲ್ಲಿ ರಾಮ ಐತಾಳರ ಮಗ ಲಚ್ಚ ಇಂಗ್ಲಿಷ್ ಕಲಿಯಲು ಮನೆ ಬಿಡ್ತಾನೆ. ದುಂದು, ಜೂಜು, ಎಲ್ಲ ಕಲಿತ. ಆಸ್ತಿ ಹಾಳಾಯ್ತು. ಆದ್ರೆ ಅವನು ಮಾಡಿದ್ದರ ಭಾರ ಹೊತ್ತವರು ಯಾರು? ಹೆಂಡತಿ ನಾಗವೇಣಿ. ನನಗೆ ಅವನು ದೂರದೇಶಕ್ಕೆ ಹೋದ ಕಿರಿಮಗನ ಹಾಗೆ ಕಾಣ್ತಾನೆ, ಒಂದೇ ವ್ಯತ್ಯಾಸ: ಲೂಕ 15ರ ಹುಡುಗನಿಗೆ ಹಂದಿಗಳ ಮಧ್ಯೆ ಬುದ್ಧಿ ಬಂತು, ಲಚ್ಚನಿಗೆ ಬರಲೇ ಇಲ್ಲ. ಒಬ್ಬ ಬೆಳೆಯುದಿಲ್ಲ ಅಂತ ಕೂತರೆ ಅವನ ಪಾಲಿನ ಕೆಲಸ ಮಾಯ ಆಗುದಿಲ್ಲ. ಮನೆಯ ಇನ್ನೊಬ್ಬರು ಎರಡು ಪಾಲು ಮಾಡ್ತಾರೆ. ನಮ್ಮಲ್ಲಿ ಹೆಚ್ಚಾಗಿ ಅದು ಅಕ್ಕ, ಅಮ್ಮ, ಹೆಂಡತಿ.

ಈಗ ನಮ್ಮ ಸಭೆಯ ಮಾತಿಗೆ ಬರ್ತೇನೆ, ಬೇಸರ ಮಾಡ್ಕೊಬೇಡಿ. ಲೋಕದವರ ನೆಪ ಬೇರೆ, ನಮ್ಮ ನೆಪ ಬೇರೆ. ನಾವು 'ದೇವರ ಚಿತ್ತಕ್ಕೆ ಕಾಯ್ತಾ ಇದ್ದೇನೆ ಪಾಸ್ಟರ್' ಅಂತೇವೆ. ಸಾಲ ತೀರಿಸಲು ಚಿತ್ತ ತಿಳಿಯಬೇಕಾ? ಮೂರು ವರ್ಷ ಒಬ್ಬ ಹುಡುಗಿಯ ಜೊತೆ ಮಾತಾಡಿ ಮದುವೆ ಅಂದ ಕೂಡಲೇ ಉಪವಾಸ ಪ್ರಾರ್ಥನೆ ಶುರು ಮಾಡುದು ಯಾವ ಆತ್ಮಿಕತೆ? ಅವಳಿಗೂ ಪ್ರಾಯ ಆಗ್ತಾ ಉಂಟು. ಇಬ್ರಿಯ 5ನೇ ಅಧ್ಯಾಯದ ಕೊನೆಯಲ್ಲಿ ಹೇಳುದು ಇಂಥವರಿಗೇ: ಇಷ್ಟೊತ್ತಿಗೆ ಬೇರೆಯವರಿಗೆ ಕಲಿಸಬೇಕಾಗಿತ್ತು, ಇನ್ನೂ ಹಾಲಿನ ಬಾಟಲಿ ಬಿಡಲಿಲ್ಲ.

ಒಬ್ಬ ತಮ್ಮ ಮೊನ್ನೆ ಕೇಳಿದ, 'ಅಣ್ಣ, ಮತ್ತಾಯ 18ರಲ್ಲಿ ಯೇಸುವೇ ಮಕ್ಕಳಂತಾಗಿ ಅಂದ್ನಲ್ಲ?' ಒಳ್ಳೆಯ ಪ್ರಶ್ನೆ. ಆ ಅಧ್ಯಾಯ ಶುರುವಾಗುದು ಹೇಗೆ? ಯಾರು ದೊಡ್ಡವ ಅಂತ ಶಿಷ್ಯರು ಕೇಳ್ತಾರೆ. ಅವರಿಗೆ ಮಗುವನ್ನು ತೋರಿಸಿ ತಗ್ಗಿಸಿಕೊಳ್ಳಿ ಅಂದ. ಅದು ಸ್ಥಾನ ಬಿಡುವ ಮಾತು, ಕೆಲಸ ಬಿಡುವ ಮಾತಲ್ಲ. ಪೌಲ 1 ಕೊರಿಂಥ 14:20ರಲ್ಲಿ ಎರಡನ್ನೂ ಬಿಡಿಸಿ ಹೇಳ್ತಾನೆ: ಕೆಟ್ಟತನದಲ್ಲಿ ಶಿಶುಗಳಾಗಿರಿ, ಯೋಚನೆಯಲ್ಲಿ ದೊಡ್ಡವರಾಗಿ. ಈಗಿನವರು ಇದನ್ನು ತಿರುಗಿಸಿ ಹಿಡಿದಿದ್ದಾರೆ ಅಂತ ನನ್ನ ಅಭಿಪ್ರಾಯ.

ಧೈರ್ಯ ಬರಲಿ, ಆಮೇಲೆ ಹೊರ್ತೇನೆ ಅಂತ ಕೆಲವರು. ಯೆರೆಮೀಯನೂ ಹಾಗೇ ಅಂದ, ನಾನಿನ್ನೂ ಚಿಕ್ಕವ, ಮಾತು ಬರುದಿಲ್ಲ ಅಂತ. ಕರ್ತನು ಅವನ ಪ್ರಾಯ ಲೆಕ್ಕ ಮಾಡ್ತಾ ಕೂರಲಿಲ್ಲ. ಹಾಗೆ ಹೇಳಬೇಡ, ಹೋಗು, ನಾನಿದ್ದೇನೆ ಅಂದ. ಗಂಗೊಳ್ಳಿ ಬಂದರಿನಲ್ಲಿ ಕೇಳಿ ನೋಡಿ. ಬೋಟಿನಲ್ಲಿ ತಾಂಡೇಲನಿಗಿಂತ ಪ್ರಾಯದವರು ಇರ್ತಾರೆ. ಆದ್ರೆ ಗಾಳಿ ಎದ್ದಾಗ ಎಲ್ಲರೂ ಯಾರ ಮುಖ ನೋಡ್ತಾರೋ ಅವನೇ ತಾಂಡೇಲ. ಹೆದರಿಕೆ ಅವನಿಗೂ ಉಂಟು.

ನಮ್ಮಲ್ಲಿ ಒಬ್ಬ ಸಹೋದರನ ತಾಯಿ ಊರಲ್ಲಿ ಒಬ್ಬರೇ ಇದ್ದಾರೆ. ಮಂಗಳವಾರ ಅವರಿಗೆ ಆಪರೇಶನ್. ಇಷ್ಟು ದಿನ ಅಕ್ಕನೇ ಎಲ್ಲ ನೋಡಿಕೊಂಡದ್ದು. ಈ ಸಲ ರಜೆ ಹಾಕಿ ತಾನೇ ಹೋಗ್ತೇನೆ, ಪೇಪರಿಗೆ ತಾನೇ ಸೈನ್ ಹಾಕ್ತೇನೆ ಅಂತ ನಿನ್ನೆ ರಾತ್ರಿ ಹೇಳಿದ. ಕೈ ನಡುಗ್ತಾ ಉಂಟು ಪಾಸ್ಟರ್ ಅಂದ. ಎಲ್ಲರೂ ಎದ್ದು ನಿಲ್ಲಿ, ಅವರಿಬ್ಬರಿಗಾಗಿ ಪ್ರಾರ್ಥಿಸೋಣ.