ಕಾಯಿ ಬಿಡುವ ಮರಕ್ಕೆ ಕೊಡಲಿ ಹಾಕಬಹುದೇ?

ಸದಾಶಿವನಗರದ ನಮ್ಮ ಬೀದಿಯಲ್ಲಿ ಗಿಡದ ಕಡ್ಡಿ ಕೊಡುವುದು, ತರುವುದು ಕಾಫಿಪುಡಿ ಕೈಸಾಲ ಕೊಟ್ಟಷ್ಟೇ ಸಹಜ. ಎರಡು ವರ್ಷದ ಹಿಂದೆ ನಮ್ಮ ಹಿತ್ತಲಿನ ಕೆಂಪು ದಾಸವಾಳದ ಒಂದು ಕಡ್ಡಿಯನ್ನು ಪಕ್ಕದ ಮನೆಯ ಅಕ್ಕನಿಗೆ ಕೊಟ್ಟೆ. ಎಲೆಯ ಬುಡದಲ್ಲಿ ಬಿಳಿ ಹಿಟ್ಟಿನಂಥದ್ದೇನೋ ಅಂಟಿತ್ತು. ಕಂಡಿತ್ತು, ಸೆರಗಿನಲ್ಲಿ ಒರೆಸಿ ಕೊಟ್ಟೆ. ಕೆಲವೇ ತಿಂಗಳಲ್ಲಿ ಅವರ ದಾಸವಾಳಕ್ಕೆ, ಸೀಬೆಗೆ, ಎಲ್ಲಕ್ಕೂ ಹಿಟ್ಟುತಿಗಣೆ. ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಪ್ರೀತಿಯಿಂದ ಕೊಟ್ಟದ್ದು ನಿಜ. ಆದರೆ ನೋಡಿಯೂ ನೋಡದಂತೆ ಕೊಟ್ಟದ್ದಕ್ಕೆ ಏನೆನ್ನುವಿರಿ?

ಈ ಹಿಟ್ಟುತಿಗಣೆಯ ಬಂಧುಗಳು ಪಶ್ಚಿಮ ಆಫ್ರಿಕದಲ್ಲಿ ಮಾಡಿರುವ ಅನಾಹುತ ಕೇಳಿದರೆ ನನ್ನ ದಾಸವಾಳದ ಕಥೆ ಸಣ್ಣದೆನಿಸುತ್ತದೆ. ಇಂದಿನ ಘಾನಾ ದೇಶದಲ್ಲಿ, ೧೯೩೬ರಲ್ಲಿ, ಕೋಕೋ ಗಿಡಗಳ ಚಿಗುರು ಊದಿಕೊಳ್ಳುವ ಒಂದು ರೋಗ ಕಣ್ಣಿಗೆ ಬಿತ್ತು. ಅದು ನಂಜುರೋಗ, ಅಂದರೆ ವೈರಸ್ಸಿನಿಂದ ಬರುವಂಥದ್ದು. ಹಿಟ್ಟುತಿಗಣೆ ರಸ ಹೀರುತ್ತಾ ಮರದಿಂದ ಮರಕ್ಕೆ ಅದನ್ನು ಒಯ್ಯುತ್ತದೆ. ತೀವ್ರವಾದರೆ ಎರಡು ಮೂರು ವರ್ಷದಲ್ಲಿ ಮರ ಸಾಯುತ್ತದೆ. ಔಷಧವಿಲ್ಲ. ಉಳಿದದ್ದು ಕೊಡಲಿಯೊಂದೇ. ಇದುವರೆಗೆ ಆ ದೇಶದಲ್ಲಿ ಕಡಿದ ಮರಗಳು ೨೦ ಕೋಟಿಗೂ ಹೆಚ್ಚು.

ಇಲ್ಲಿಯೇ ಕಷ್ಟದ ಪ್ರಶ್ನೆ ಏಳುವುದು. ರೋಗ ತಗುಲಿದ ಮರ ಒಂದೇ ದಿನಕ್ಕೆ ಸಾಯುವುದಿಲ್ಲ. ಈ ವರ್ಷವೂ ಕಾಯಿ ಬಿಡುತ್ತದೆ. ಆ ಕಾಯಿಯಿಂದಲೇ ಮಕ್ಕಳ ಶಾಲೆಯ ಫೀಸು. ಸರಕಾರದವರು ಬಂದು ಆ ಮರವನ್ನಷ್ಟೇ ಅಲ್ಲ, ಅದರ ಸುತ್ತ ಚೆನ್ನಾಗಿಯೇ ಕಾಣುವ ಮರಗಳನ್ನೂ ಕಡಿಯುತ್ತಾರೆ. ರೈತ ಸುಮ್ಮನಿದ್ದಾನೆಯೇ? ೧೯೪೮ರಲ್ಲಿ ಅಕ್ರಾ ನಗರದಲ್ಲಿ ದೊಡ್ಡ ಗಲಭೆಗಳಾದವು. ವಿಚಾರಣೆ ನಡೆಸಿದ ಆಯೋಗ, ಜನರ ಸಿಟ್ಟಿಗೆ ಕಾರಣಗಳನ್ನು ಎಣಿಸುವಾಗ ಈ ಬಲವಂತದ ಮರಕಡಿತವನ್ನೂ ಸೇರಿಸಿತು.

ಲೂಕನ ಶುಭಸಂದೇಶದ ಅಂಜೂರದ ಮರ ನಿಮಗೆ ನೆನಪಾಗಬಹುದು. ಒಡೆಯ ಕಡಿದುಬಿಡು ಎಂದಾಗ ತೋಟಗಾರ ಇನ್ನೊಂದು ವರ್ಷದ ಗಡುವು ಬೇಡುತ್ತಾನೆ. ನಾನೂ ಮೊದಲು ಆ ತೋಟಗಾರನ ಪರವೇ ನಿಂತೆ. ಆದರೆ ಯೋಚಿಸಿ ನೋಡಿ: ಆ ಅಂಜೂರ ಫಲ ಕೊಡಲಿಲ್ಲ ನಿಜ, ಪಕ್ಕದವನ ತೋಟವನ್ನೇನೂ ಕೆಡಿಸಲಿಲ್ಲ. ಈ ಕೋಕೋ ಮರ ಫಲವನ್ನೂ ಕೊಡುತ್ತದೆ, ನೆರೆಯವನನ್ನೂ ಹಾಳುಮಾಡುತ್ತದೆ. ಇಲ್ಲಿ ನಾನು ತೋರುವ ತಾಳ್ಮೆಯ ಬೆಲೆಯನ್ನು ನೆರೆಯವನು ತೆರಬೇಕು. ಅಂಥ ತಾಳ್ಮೆಯನ್ನು ಕರುಣೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗೆಂದು ಊರಿನ ಒಳಿತಿಗಾಗಿ ಒಬ್ಬನ ಮರ ಕಡಿಸಿ, ಹೊಸ ಸಸಿ ಕಾಯಿ ಬಿಡುವವರೆಗಿನ ವರ್ಷಗಳನ್ನು ಅವನೊಬ್ಬನ ಹೆಗಲಿಗೇ ಹೊರಿಸಿ ಹೋಗುವುದೂ ನ್ಯಾಯವಲ್ಲ. ಉಳಿದುಕೊಂಡ ತೋಟಗಳವರೂ ಆ ನಷ್ಟದಲ್ಲಿ ಪಾಲು ಹೊರಬೇಕು.

ಕೊಡಲಿಯವರೆಗೆ ಹೋಗದಂತೆ ಮೊದಲೇ ಎಚ್ಚರ ವಹಿಸುವ ದಾರಿಯೂ ಇದೆ. ದಕ್ಷಿಣ ಕನ್ನಡದಲ್ಲಿ ಅಡಿಕೆಯ ನೆರಳಲ್ಲಿ ಕೋಕೋ ಬೆಳೆಯುವುದನ್ನು ನೀವು ಕಂಡಿರಬಹುದು. ಪುತ್ತೂರಿನಲ್ಲಿ ೧೯೮೬ರಿಂದ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಇದೆ. ಕಾಸರಗೋಡಿನ ಸಿಪಿಸಿಆರ್‌ಐ ಸಂಸ್ಥೆಯ ವಿಟ್ಲ ಕೇಂದ್ರ ಕೋಕೋ ತಳಿಗಳನ್ನು ಕಾಪಾಡಿ, ಆಯ್ದ ಮರಗಳಿಂದ ಕಸಿ ಮಾಡುತ್ತದೆ. ಒಂದು ದೇಶದ ತಳಿ ಇನ್ನೊಂದು ದೇಶಕ್ಕೆ ಹೋಗುವಾಗ ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದಲ್ಲಿ ತಂಗುವ ಏರ್ಪಾಡೂ ಇದೆ. ಅಲ್ಲಿ ಗಿಡವನ್ನು ಸುಮಾರು ಎರಡು ವರ್ಷ ಬೇರೆಯಾಗಿಟ್ಟು ಕಾಯುತ್ತಾರೆ. ಎಲೆ ಹಸಿರಾಗಿದೆ, ಕಾಂಡ ನೆಟ್ಟಗಿದೆ, ಆದರೂ ಬಿಡುವುದಿಲ್ಲ. ನಂಜು ಒಳಗೆ ಅಡಗಿ ಕೂತಿರಬಹುದು. ಮನುಷ್ಯರನ್ನು ಹೀಗೆ ಅನುಮಾನಿಸಿದರೆ ಅಪಚಾರ. ಆದರೆ ೨೦೨೦ರಲ್ಲಿ ನಾವೆಲ್ಲ ಮನೆಯೊಳಗೆ ಕೂತು, ನಮ್ಮ ಮೇಲೆಯೇ ಈ ಅನುಮಾನ ಇಟ್ಟುಕೊಂಡು ಬಾಳಲಿಲ್ಲವೇ? ಅದರಲ್ಲಿ ಅವಮಾನವೇನೂ ಇರಲಿಲ್ಲ.

ಕಸಿಯ ಮಾತು ಬಂತು. ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನ ‘ಸಿದ್ದು’ ಹಲಸು ನಿಮಗೆ ಗೊತ್ತೇ ಇದೆ. ರೈತರೊಬ್ಬರ ತೋಟದ ಒಂದೇ ಒಂದು ಮರ. ಅದರ ಕೆಂಪು ತೊಳೆ ಕಂಡು ತೋಟಗಾರಿಕಾ ವಿಜ್ಞಾನಿಗಳು ಬೆರಗಾದರು. ಅದರ ಕಸಿ ಗಿಡಗಳು ಎಲ್ಲೆಲ್ಲಿಗೋ ಹೋದವು. ಕಸಿಯಲ್ಲಿ ತಾಯಿಮರದ ಸಿಹಿ ಹಾಗೆಯೇ ಬರುತ್ತದೆ. ಆದರೆ ಯಾವ ಬೆಳೆಯಲ್ಲೇ ಆಗಲಿ, ತಾಯಿಮರದಲ್ಲಿ ನಂಜಿದ್ದರೆ ಅದೂ ಕಸಿಕಡ್ಡಿಯ ಜೊತೆಯಲ್ಲೇ ಹೊರಡುತ್ತದೆ. ಒಂದು ಮರದ ತಪ್ಪು ಸಾವಿರ ಮನೆಯ ಹಿತ್ತಲು ಸೇರುತ್ತದೆ. ಸಸಿ ಮಾರುವವನು ತಾಯಿಮರ ಯಾವುದೆಂದು ಹೇಳದೆ ಹಣ ತೆಗೆದುಕೊಂಡರೆ ಅದನ್ನು ಬರೀ ವ್ಯಾಪಾರದ ಜಾಣತನ ಎಂದು ಬಿಟ್ಟುಬಿಡುವುದು ಸರಿಯಲ್ಲ. ಕೊಳ್ಳುವ ನಾವೂ ಹತ್ತು ರೂಪಾಯಿ ಉಳಿಯಿತೆಂದು ಕೇಳದೆ ತರುತ್ತೇವೆ, ಅದು ಬೇರೆ ಮಾತು.

ನಮ್ಮ ದಾಸವಾಳವನ್ನು ಕಳೆದ ವರ್ಷ ಬುಡಸಮೇತ ಕಿತ್ತು ಸುಟ್ಟೆ. ಆಗ ಗಿಡದ ತುಂಬ ಮೊಗ್ಗಿತ್ತು. ಅತ್ತೆ ಎರಡು ದಿನ ಮಾತಾಡಲಿಲ್ಲ. ಪಕ್ಕದ ಮನೆಯ ಅಕ್ಕನಿಗೆ ಕೊಡಲೆಂದು ಬೇರೆ ಕಡೆಯಿಂದ ತಂದ ಒಂದು ಗಿಡ ಮಹಡಿಯ ಮೇಲಿನ ಕುಂಡದಲ್ಲಿ ಒಂಟಿಯಾಗಿದೆ. ಆಗಲೇ ಹೂ ಬಿಟ್ಟಿದೆ. ಅಕ್ಕ ಎರಡು ಸಲ ಕೇಳಿದರು. ಮಳೆಗಾಲ ಕಳೆಯಲಿ, ಕೊಡುತ್ತೇನೆ ಎಂದಿದ್ದೇನೆ.