ವೇದನೆಗೂ ತೃಷ್ಣೆಗೂ ನಡುವೆ ಕೂತವರು



2012ರ ಜನವರಿಯಲ್ಲಿ ಫೇಸ್‌ಬುಕ್ ಒಂದು ವಾರ ಒಂದು ಪ್ರಯೋಗ ಮಾಡಿತು. 6,89,003 ಬಳಕೆದಾರರಲ್ಲಿ ಕೆಲವರಿಗೆ ಸಂತೋಷದ ಪೋಸ್ಟ್‌ಗಳು, ಇನ್ನು ಕೆಲವರಿಗೆ ಬೇಸರದ ಪೋಸ್ಟ್‌ಗಳು ಕಡಿಮೆ ಕಾಣುವಂತೆ ಮಾಡಿತು. ಸಂತೋಷ ಕಡಿಮೆ ಕಂಡವರು ತಾವೂ ಸ್ವಲ್ಪ ಹೆಚ್ಚು ಬೇಸರದ ಮಾತು ಬರೆದರು. ವ್ಯತ್ಯಾಸ ಬಹಳ ಸಣ್ಣದು, ನಿಜ. ಆದರೆ ಅವರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. 2014ರಲ್ಲಿ ಪ್ರಬಂಧ ಪ್ರಕಟವಾದ ಮೇಲೆಯೇ ಜನರಿಗೆ ಗೊತ್ತಾದದ್ದು. ಖಾತೆ ತೆರೆಯುವಾಗ ಒಪ್ಪಿದ ನಿಯಮಗಳೇ ಸಮ್ಮತಿ ಎಂಬುದು ಅವರ ಸಮಜಾಯಿಷಿ.

ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ ಎಂದು ಭಗವಾನರು ಪಟಿಚ್ಚಸಮುಪ್ಪಾದದಲ್ಲಿ ತೋರಿಸಿದರು. ವೇದನೆಗೂ ತೃಷ್ಣೆಗೂ ನಡುವಿನ ಆ ಸಣ್ಣ ಜಾಗದಲ್ಲೇ ಸಾಧಕ ಎಚ್ಚರವಾಗಿರಬೇಕು. ಈಗ ಅದೇ ಜಾಗದಲ್ಲಿ ಸಂಬಳ ತೆಗೆದುಕೊಳ್ಳುವ ಎಂಜಿನಿಯರ್‌ಗಳು ಕೂತಿದ್ದಾರೆ. ಪರದೆ ಎಳೆದಾಗ ಒಮ್ಮೆ ಏನೋ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ಈ 'ಒಮ್ಮೊಮ್ಮೆ'ಯೇ ಜೂಜಿನ ಯಂತ್ರದ ಗುಟ್ಟು; ಸ್ಕಿನ್ನರ್ ಎಂಬ ಮನೋವಿಜ್ಞಾನಿ ಇದನ್ನು ಪಾರಿವಾಳಗಳಲ್ಲಿ ಕಂಡಿದ್ದರು. ಕೊನೆಯೇ ಇಲ್ಲದ ಸ್ಕ್ರಾಲ್ ಅನ್ನು 2006ರಲ್ಲಿ ರೂಪಿಸಿದ ಏಝಾ ರಾಸ್ಕಿನ್ ಆಮೇಲೆ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು.

'ನಮ್ಮ ಚಿತ್ತ ನಾವು ಕಾಯ್ದುಕೊಂಡರೆ ಸಾಕು, ಮೊಬೈಲ್ ಬೈದು ಏನು ಬಂತು' ಎಂದು ಕಳೆದ ಭಾನುವಾರ ಹಿರಿಯರೊಬ್ಬರು ಅಂದರು. ಅರ್ಧ ಒಪ್ಪುತ್ತೇನೆ. ಆದರೆ ಊರಾಚೆಯ ಕೇರಿ, ಹೋಟೆಲಿನ ಸೂರಿನಲ್ಲಿ ಸಿಕ್ಕಿಸಿಟ್ಟ ಬೇರೆ ಲೋಟ, ಮುಟ್ಟಬಾರದ ಬಾವಿ, ಇವೂ ಯಾರೋ ಕೂತು ಮಾಡಿದ ವಿನ್ಯಾಸಗಳೇ ಅಲ್ಲವೇ? ಯಾರೂ ಗದರದಿದ್ದರೂ ನಮ್ಮ ಮಕ್ಕಳು ತಾವಾಗಿಯೇ ತಲೆ ತಗ್ಗಿಸುವಂತೆ ಆ ಜಾಗಗಳನ್ನು ಕಟ್ಟಲಾಗಿತ್ತು. ಮನಸ್ಸು ಶಾಂತ ಮಾಡಿಕೊಂಡು ಸುಮ್ಮನಿರಿ ಎಂದು ಬಾಬಾಸಾಹೇಬರು ಹೇಳಲಿಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಗೆ ಇಳಿದು ನೀರು ಕುಡಿದರು.

ಹಾಗಂತ ಮನಸ್ಸನ್ನು ರೂಪಿಸುವ ಜಾಗವೆಲ್ಲ ಕೆಟ್ಟದ್ದಲ್ಲ. ನಮ್ಮ ವಿಹಾರವೂ ರೂಪಿಸುತ್ತದೆ. ಬಿಳಿ ಬಟ್ಟೆ, ದೀಪ, ಮೌನ, ಎಲ್ಲವೂ ಚಿತ್ತದ ಮೇಲೆ ಕೆಲಸ ಮಾಡುತ್ತವೆ. ಆದರೆ ದೀಪ ಯಾಕೆ ಹಚ್ಚಿದ್ದು ಎಂದು ಕೇಳಿದರೆ ಭಂತೇಜಿ ಹೇಳುತ್ತಾರೆ. ಹೇಳಿದ ಮೇಲೂ ದೀಪ ತನ್ನ ಕೆಲಸ ಮಾಡುತ್ತದೆ. ಬೇಡವೆಂದರೆ ಎದ್ದು ಹೋಗಲು ಬಾಗಿಲು ತೆರೆದಿರುತ್ತದೆ. ಫೇಸ್‌ಬುಕ್‌ನ ಆ ಪ್ರಯೋಗವನ್ನು ಮೊದಲೇ ಹೇಳಿ ಮಾಡಲು ಆಗುತ್ತಿತ್ತೇ?

ನಮ್ಮ ಮನೆಗಳ ಮೊದಲ ತಲೆಮಾರಿನ ಎಂಜಿನಿಯರ್‌ಗಳೂ ಈಗ ಇಂಥ ಕೆಲಸದಲ್ಲಿದ್ದಾರೆ. ಸಾಲದ ಕಂತು ಇರುವವರಿಗೆ ಕೆಲಸ ಬಿಡು ಎನ್ನುವುದು ಸುಲಭದ ಉಪದೇಶ, ನಾನು ಹೇಳಲಾರೆ. ಸಮ್ಯಕ್ ಆಜೀವದ ಪ್ರಶ್ನೆ ಮಾತ್ರ ಕೇಳಬಲ್ಲೆ. ನನ್ನ ತಂಗಿಯ ಮಗ ಬೆಂಗಳೂರಿನ ಒಂದು ಆ್ಯಪ್ ಕಂಪನಿಯಲ್ಲಿದ್ದಾನೆ. ಯಾರಿಗೆ ಯಾವ ಹೊತ್ತಿನಲ್ಲಿ ನೋಟಿಫಿಕೇಷನ್ ಹೋಗಬೇಕೆಂದು ಲೆಕ್ಕ ಹಾಕುವುದು ಅವನ ಕೆಲಸ. 'ಈ ಹೊತ್ತಿಗೇ ಯಾಕೆ ಕಳಿಸಿದೆವು ಅಂತ ಅದರ ಕೆಳಗೇ ಬರೆಯಬಹುದಲ್ಲ' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. 'ಬರೆದರೆ ಯಾರೂ ಒತ್ತಲ್ಲ ಮಾವ' ಅಂದ.

ಜೈ ಭೀಮ್.