ಜೊತೆಗಾರನ ಮಾತು

ಬಿಸಿಲೇರುವ ಮೊದಲೇ ಓಡಿ ಮುಗಿಸಬೇಕಾದ ಸೀಮೆ ಯಾದಗಿರಿ, ಶಹಾಪುರ, ಸುರಪುರಗಳದು. ಇಲ್ಲಿ ದೂರದ ಓಟವನ್ನು ಅಭ್ಯಾಸಮಾಡುವ ಹವ್ಯಾಸಿಯು ದಣಿದ ಗೆಳೆಯನಿಗೆ “ಇನ್ನ ಸ್ವಲ್ಪೇ ಅದ, ಬಾರೋ” ಎನ್ನುವುದು ಸಹಜ. ಮಲಗಿದ ಬುದ್ಧನಂತೆ ತೋರುವ ಶಹಾಪುರದ ಬೆಟ್ಟವಾದರೋ ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ಹಾಗಿರಲು ಆ ಮಾತು ಪ್ರೋತ್ಸಾಹವೋ, ಸುಳ್ಳೋ?

ಕರುಣೆಯಿಂದಾಡಿದ ಸುಳ್ಳಿಗೆ ದೋಷವಿಲ್ಲವೆನ್ನುವರುಂಟು. ಆದರೆ ಓಟಗಾರನು ಉಳಿದ ದಾರಿಯನ್ನು ಎಣಿಸಿಯೇ ಉಸಿರನ್ನು ವೆಚ್ಚಮಾಡತಕ್ಕವನು. ತಪ್ಪು ಎಣಿಕೆಯನ್ನು ನಂಬಿದವನು ನಡುದಾರಿಯಲ್ಲಿ ಬರಿದಾಗುವನು. 1952ರ ಹೆಲ್ಸಿಂಕಿ ಒಲಿಂಪಿಕ್ ಮ್ಯಾರಥಾನಿನಲ್ಲಿ ಎಮಿಲ್ ಜಾಟೋಪೆಕ್ಕನು ವೇಗವು ಸರಿಯೇ ಎಂದು ಎದುರಾಳಿ ಜಿಮ್ ಪೀಟರ್ಸನನ್ನೇ ಕೇಳಿದನಂತೆ. ಸಾಲದೆಂದು ಪೀಟರ್ಸನು ಹುಸಿ ನುಡಿದನಂತೆ. ಕೇಳಿದವನು ಮುಂದೋಡಿ ಗೆದ್ದನು, ನುಡಿದವನು ಓಟವನ್ನು ಮುಗಿಸಲಿಲ್ಲ. ಇದನ್ನು ಪಾಪಫಲವೆನ್ನಬೇಕಾಗಿಲ್ಲ, ಕಾಲುಗಳ ಬಲಾಬಲವೆಂದರೆ ಸಾಕು. ನೆನೆಯತಕ್ಕುದು ಆ ಪ್ರಶ್ನೆಯ ಹಿಂದಿದ್ದ ನಂಬಿಕೆ.

ನಿಜವಾದ ಮಾತಿನಿಂದ ಹುರುಪು ಬಾರದೆ? 1920ರ ಆಂಟ್ವರ್ಪ್ ಮ್ಯಾರಥಾನಿನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆಯವರು 2 ಗಂಟೆ 50 ನಿಮಿಷಗಳಲ್ಲಿ ಓಡಿ 19ನೆಯವರಾದರು. ಅಂಥವರಿಗೆ “ಗೆಲ್ಲುವೆ” ಎಂಬುದು ಹುಸಿ, “ಮುಗಿಸುವೆ” ಎಂಬುದು ದಿಟ. ಅದೇ ಓಟದಲ್ಲಿ ನಡುವೆ ನಿಂತ ಸದಾಶಿವ ದಾತಾರರಂಥವರಿಗೆ ಆ ಮಾತೂ ಸಲ್ಲದು. ಅಂಥವರಿಗೆ ಹೇಳಬಹುದಾದುದು “ಜೊತೆಗಿದ್ದೇನೆ” ಎಂಬುದೊಂದೇ. ಹಾಗೆ ಹೇಳಿದವನು ತನ್ನ ಹೆಜ್ಜೆಯನ್ನು ತಗ್ಗಿಸಬೇಕು. ಪಂದ್ಯದ ದಿನ ಅದನ್ನು ಯಾರಿಂದಲೂ ಕೇಳಲಾಗದು. ಅಭ್ಯಾಸದ ಮುಂಜಾವದಲ್ಲಿ ಕೇಳಬಹುದು.